ಸ್ಪ್ಯಾನಿಷ್ ರೈಸ್: ಹುರಿಯುವ ಹದ, ನೀರಿನ ಲೆಕ್ಕ (ಅಧ್ಯಯನ ಟಿಪ್ಪಣಿ)

ಅಮೆರಿಕದಲ್ಲಿ ಸ್ಪ್ಯಾನಿಷ್ ರೈಸ್ ಎಂದು ಕರೆಯುವ ಈ ಕೆಂಪು ಅನ್ನ ಮೆಕ್ಸಿಕೊದ ಮನೆ ಅಡುಗೆ. ಅಲ್ಲಿ ಇದಕ್ಕೆ ಅರೋಸ್ ರೋಹೊ ಎನ್ನುತ್ತಾರೆ. 16ನೇ ಶತಮಾನದಲ್ಲಿ ಸ್ಪೇನಿನವರು ಅಕ್ಕಿ ತಂದರು, ಟೊಮೆಟೊ ಮೊದಲಿನಿಂದಲೂ ಆ ನೆಲದ್ದೇ. ಸ್ಪೇನಿನ ಪಾಯೆಯಾ ಎಂಬ ಅನ್ನದ ಅಡುಗೆಯೇ ಇದು ಎಂದುಕೊಳ್ಳಬಾರದು. ಇದಕ್ಕೆ ಕೇಸರಿ ಹಾಕುವುದಿಲ್ಲ, ಗುಂಡು ಕಾಳಿನ ಅಕ್ಕಿಯೂ ಬೇಡ, ಅಗಲ ತಟ್ಟೆಯಂಥ ಬಾಣಲೆಯೂ ಬೇಡ. ಉದ್ದ ಕಾಳಿನ ಅಕ್ಕಿ, ಹಣ್ಣಾದ ಟೊಮೆಟೊ, ಎಣ್ಣೆ, ಕೋಳಿ ಸ್ಟಾಕ್ (ಕೋಳಿ ಮೂಳೆ ಬೇಯಿಸಿ ಸೋಸಿದ ಸಾರ), ದಪ್ಪ ತಳದ ಪಾತ್ರೆ, ಬಿಗಿಯಾದ ಮುಚ್ಚಳ ಇದ್ದರೆ ಸಾಕು.

ಇದನ್ನು ಕಲಿಯುವವರ ಚಿಂತೆಯೆಲ್ಲ "ಒಂದು ಕಪ್ ಅಕ್ಕಿಗೆ ಎಷ್ಟು ನೀರು" ಎಂಬಲ್ಲೇ ನಿಂತಿರುತ್ತದೆ. ನೀರಿನ ಅಳತೆ ಮುಖ್ಯವೇ, ಆದರೆ ಅನ್ನ ಉದುರುದುರಾಗುತ್ತದೋ ಮುದ್ದೆಯಾಗುತ್ತದೋ ಎಂಬುದು ಸ್ಟಾಕ್ ಸುರಿಯುವ ಮುಂಚಿನ ಹದಿನೈದು ನಿಮಿಷದಲ್ಲೇ ಬಹುಪಾಲು ತೀರ್ಮಾನವಾಗಿರುತ್ತದೆ. ಈ ಟಿಪ್ಪಣಿಯಲ್ಲಿ ಹುರಿಯುವ ಭಾಗಕ್ಕೇ ಹೆಚ್ಚು ಜಾಗ ಕೊಟ್ಟಿರುವುದು ಅದಕ್ಕಾಗಿ.

ಅಳತೆ

ಸೈಡ್ ಡಿಶ್ ಆಗಿ ನಾಲ್ವರಿಗೆ: ಉದ್ದ ಕಾಳಿನ ಬಿಳಿ ಅಕ್ಕಿ 1 ಕಪ್ (240 ಮಿ.ಲೀ. ಕಪ್, ಸುಮಾರು 190 ಗ್ರಾಂ), ಎಣ್ಣೆ 3 ಟೇಬಲ್ ಚಮಚ, ಚೆನ್ನಾಗಿ ಹಣ್ಣಾದ ಟೊಮೆಟೊ 2 (ಸುಮಾರು 250 ಗ್ರಾಂ), ಮಧ್ಯಮ ಗಾತ್ರದ ಈರುಳ್ಳಿಯಲ್ಲಿ ಕಾಲು ಭಾಗ, ಬೆಳ್ಳುಳ್ಳಿ 1 ದೊಡ್ಡ ಎಸಳು, ಉಪ್ಪಿಲ್ಲದ ಕೋಳಿ ಸ್ಟಾಕ್ ಅಥವಾ ತರಕಾರಿ ಸ್ಟಾಕ್ 1½ ಕಪ್, ಉಪ್ಪು ಮುಕ್ಕಾಲು ಟೀ ಚಮಚ. ಬೇಕಿದ್ದರೆ ಚಿಕ್ಕದಾಗಿ ಹೆಚ್ಚಿದ ಕ್ಯಾರೆಟ್ ಕಾಲು ಕಪ್, ಬಟಾಣಿ ಕಾಲು ಕಪ್, ಇಡಿಯಾಗಿ ಒಂದು ಸೆರಾನೊ ಹಸಿಮೆಣಸಿನಕಾಯಿ, ಎರಡು ಕಡ್ಡಿ ಕೊತ್ತಂಬರಿ.

ಅಕ್ಕಿಯ ಆಯ್ಕೆಯಲ್ಲಿ ರಾಜಿ ಬೇಡ. ಉದ್ದ ಕಾಳಿನ ಅಕ್ಕಿಯಲ್ಲಿ ಅಮೈಲೋಸ್ ಎಂಬ ಪಿಷ್ಟದ ಪಾಲು ಹೆಚ್ಚು, ಅದರಿಂದಲೇ ಬೆಂದ ಮೇಲೂ ಕಾಳು ಬಿಡಿಬಿಡಿಯಾಗಿ ನಿಲ್ಲುತ್ತದೆ. ಗುಂಡು ಕಾಳಿನ ಅಕ್ಕಿಯಲ್ಲಿ ಅಂಟುವ ಅಮೈಲೋಪೆಕ್ಟಿನ್ ಹೆಚ್ಚು. ಜಾಸ್ಮಿನ್ ಅಕ್ಕಿ ನೋಡಲು ಉದ್ದವಿದ್ದರೂ ಅಂಟುವ ಸ್ವಭಾವದ್ದು, ಅದನ್ನು ಬಿಟ್ಟರೆ ಒಳ್ಳೆಯದು.

ತೊಳೆದು ಆರಿಸುವುದು

ತೊಳೆದ ನೀರು ಹೆಚ್ಚುಕಡಿಮೆ ತಿಳಿಯಾಗುವವರೆಗೆ ಮೂರ್ನಾಲ್ಕು ಬಾರಿ ತೊಳೆಯಿರಿ. ಕಾಳುಗಳು ಒಂದಕ್ಕೊಂದು ಉಜ್ಜಿಕೊಂಡು ಉದುರಿದ ಪಿಷ್ಟದ ಪುಡಿ ಮೇಲ್ಮೈಗೆ ಹತ್ತಿಕೊಂಡಿರುತ್ತದೆ, ಅದು ಹಾಗೇ ಉಳಿದರೆ ಸ್ಟಾಕಿನಲ್ಲಿ ಕರಗಿ ಅಂಟಾಗುತ್ತದೆ. ಮೆಕ್ಸಿಕೊದ ಅನೇಕ ಮನೆಗಳಲ್ಲಿ ಅಕ್ಕಿಯನ್ನು ಬಿಸಿನೀರಿನಲ್ಲಿ 15 ನಿಮಿಷ ನೆನೆಸುವ ರೂಢಿಯಿದೆ. ನೆನೆಸಿದರೆ ಸ್ಟಾಕನ್ನು ಕಾಲು ಕಪ್ ಕಡಿಮೆ ಮಾಡಿ.

ಆಮೇಲೆ ಜರಡಿಗೆ ಸುರಿದು ಕನಿಷ್ಠ 10 ನಿಮಿಷ ಬಸಿಯಲು ಬಿಡಿ, ನಡುವೆ ಒಂದೆರಡು ಬಾರಿ ಜರಡಿಯನ್ನು ಕೊಡವಿ. ಒದ್ದೆ ಅಕ್ಕಿಯನ್ನು ಎಣ್ಣೆಗೆ ಹಾಕಿದರೆ ಸಿಡಿಯುವುದಷ್ಟೇ ಅಲ್ಲ, ಅದು ಮೊದಲ ನಿಮಿಷಗಳಲ್ಲಿ ಹುರಿಯುವ ಬದಲು ಹಬೆಯಲ್ಲಿ ಬೇಯಲು ಶುರುವಾಗಿ ತಳಕ್ಕೆ ಕಚ್ಚಿಕೊಳ್ಳುತ್ತದೆ.

ಹುರಿಯುವುದು

ಎಣ್ಣೆಯನ್ನು ಮಧ್ಯಮ ಉರಿಯಲ್ಲಿ ಕಾಯಿಸಿ, ಒಂದು ಕಾಳು ಹಾಕಿದರೆ ಸುತ್ತ ಗುಳ್ಳೆ ಏಳುವಂತಿರಬೇಕು. ಅಕ್ಕಿ ಹಾಕಿ 8ರಿಂದ 10 ನಿಮಿಷ ಕೈ ಬಿಡದೆ ಆಡಿಸಿ. ಇಲ್ಲಿ ಗಡಿಯಾರಕ್ಕಿಂತ ಕಣ್ಣು, ಕಿವಿಯೇ ಮುಖ್ಯ. ಮೊದಲು ಕಾಳಿನ ಅಂಚು ಗಾಜಿನಂತೆ ಪಾರದರ್ಶಕವಾಗುತ್ತದೆ, ಕಾಳುಗಳು ಸೌಟಿಗೆ ಅಂಟಿಕೊಂಡು ಗುಂಪುಗುಂಪಾಗಿ ಚಲಿಸುತ್ತವೆ. ನಾಲ್ಕೈದು ನಿಮಿಷಕ್ಕೆ ತೇವ ಆರಿ ಕಾಳು ಸುಣ್ಣದಂತೆ ಬೆಳ್ಳಗಾಗುತ್ತದೆ. ಬಹಳ ಮಂದಿ ಅವಸರಪಟ್ಟು ಇಲ್ಲಿಗೇ ನಿಲ್ಲಿಸುತ್ತಾರೆ, ಇನ್ನೂ ಮುಂದೆ ಹೋಗಬೇಕು. ಸೌಟು ಆಡಿಸಿದಾಗ ಒಣಮರಳಿನ ಸದ್ದು ಬರತೊಡಗಿ, ಸುಮಾರು ಅರ್ಧದಷ್ಟು ಕಾಳುಗಳಿಗೆ ತಿಳಿ ಹೊಂಬಣ್ಣ ಏರಿ, ಹುರಿದ ಕಾಳಿನ ಘಮ ಹಬ್ಬಿದರೆ ಹದ ಬಂದಂತೆ. ಅಲ್ಲಲ್ಲಿ ಕಂದು ಕಾಳು ಕಂಡರೆ ಉರಿ ಜಾಸ್ತಿಯಾಗಿದೆ, ಕೂಡಲೇ ತಗ್ಗಿಸಿ. ಸುಟ್ಟ ಕಾಳಿನ ಕಹಿ ಟೊಮೆಟೊದಿಂದ ಮುಚ್ಚಿಹೋಗುವುದಿಲ್ಲ.

ಹುರಿಯುವುದರಿಂದ ಎರಡು ಲಾಭ. ಕಾಳಿನ ಹೊರಪದರದ ಪಿಷ್ಟ ಬಿಸಿಗೆ ಬದಲಾಗಿ ಅಂಟುವ ಗುಣ ಕಳೆದುಕೊಳ್ಳುತ್ತದೆ, ಜೊತೆಗೆ ಪ್ರತಿ ಕಾಳಿಗೂ ಎಣ್ಣೆಯ ತೆಳುಪದರ ಹತ್ತುತ್ತದೆ. ಎಣ್ಣೆ ಮೂರು ಚಮಚಕ್ಕಿಂತ ಕಡಿಮೆಯಾದರೆ ಕಾಳುಗಳು ಸಮನಾಗಿ ಹುರಿಯುವುದಿಲ್ಲ. ಅರ್ಧ ಕಪ್ ಎಣ್ಣೆಯಲ್ಲಿ ಹುರಿದು, ಹೆಚ್ಚಾದದ್ದನ್ನು ಜರಡಿಯಲ್ಲಿ ಬಸಿದು ತೆಗೆಯುವವರೂ ಇದ್ದಾರೆ. ಹಾಗೆ ಮಾಡಿದಾಗ ಬಣ್ಣ ಬಹಳ ಸಮನಾಗಿ ಬರುತ್ತದೆ.

ಟೊಮೆಟೊ ರಸವನ್ನೂ ಹುರಿಯಬೇಕು

ಟೊಮೆಟೊ, ಈರುಳ್ಳಿ, ಬೆಳ್ಳುಳ್ಳಿಯನ್ನು ನೀರು ಹಾಕದೆ ನುಣ್ಣಗೆ ರುಬ್ಬಿ ಸೋಸಿ. ಮುಕ್ಕಾಲು ಕಪ್ ರಸ ಸಿಗಬೇಕು. ಕಡಿಮೆ ಬಂದರೆ ಕೊರತೆಯನ್ನು ಸ್ಟಾಕಿನಿಂದ ತುಂಬಿಸಿ, ಹೆಚ್ಚು ಬಂದರೆ ಅಷ್ಟು ಸ್ಟಾಕ್ ಕಡಿಮೆ ಮಾಡಿ. ರಸ ಮತ್ತು ಸ್ಟಾಕ್ ಸೇರಿ ಒಟ್ಟು 2¼ ಕಪ್ ಎಂಬುದೇ ಲೆಕ್ಕ. ರಸವನ್ನು ಲೆಕ್ಕಕ್ಕೆ ಹಿಡಿಯದೆ ಎರಡು ಕಪ್ಪಿಗೂ ಮೀರಿ ಸ್ಟಾಕ್ ಸುರಿಯುವುದರಿಂದಲೇ ಎಷ್ಟೋ ಅಡುಗೆಮನೆಗಳಲ್ಲಿ ಈ ಅನ್ನ ಮುದ್ದೆಯಾಗುತ್ತದೆ.

ಹುರಿದ ಅಕ್ಕಿಯ ಮೇಲೆ ರಸ ಸುರಿಯುವಾಗ ಜೋರಾಗಿ ಸಿಡಿಯುತ್ತದೆ, ಪಾತ್ರೆಯಿಂದ ಸ್ವಲ್ಪ ದೂರ ನಿಲ್ಲಿ. 3ರಿಂದ 5 ನಿಮಿಷ ಆಡಿಸುತ್ತಾ ಹಸಿ ವಾಸನೆ ಹೋಗಲು ಬಿಡಿ. ಗುಲಾಬಿ ಬಣ್ಣದ ನೊರೆ ಅಡಗಿ ರಸ ಗಾಢ ಕೇಸರಿ ಬಣ್ಣಕ್ಕೆ ತಿರುಗುತ್ತದೆ, ಸೌಟಿನಿಂದ ತಳದಲ್ಲಿ ಗೆರೆ ಎಳೆದರೆ ಅದು ತಕ್ಷಣ ಮುಚ್ಚಿಕೊಳ್ಳುವುದಿಲ್ಲ. ಟೊಮೆಟೊಗೆ ಕೆಂಪು ಕೊಡುವ ಲೈಕೊಪೀನ್ ಎಣ್ಣೆಯಲ್ಲಿ ಕರಗುವ ಬಣ್ಣ. ಬಿಸಿ ಎಣ್ಣೆಯಲ್ಲಿ ಅದು ಬಿಡಿಸಿಕೊಂಡರೆ ಕಾಳು ಕಾಳಿಗೂ ಹತ್ತುತ್ತದೆ. ಈ ಹಂತ ಬಿಟ್ಟರೆ ಅನ್ನ ಪೇಲವವಾಗಿ, ಹಸಿ ಹುಳಿಯಾಗಿ ಉಳಿಯುತ್ತದೆ.

ತಾಜಾ ಟೊಮೆಟೊ ಬದಲು ಅಮೆರಿಕದ ಮನೆಗಳಲ್ಲಿ 8 ಔನ್ಸಿನ (227 ಗ್ರಾಂ) ಟೊಮೆಟೊ ಸಾಸ್ ಡಬ್ಬಿ ಬಳಸುವುದುಂಟು. ಇದು ಕೆಚಪ್ ಅಲ್ಲ, ಸಿಹಿ ಬೆರೆಸದ ತೆಳು ಟೊಮೆಟೊ ರಸ. ಅದರಲ್ಲಿ ಸಾಮಾನ್ಯವಾಗಿ ಉಪ್ಪಿರುತ್ತದೆ, ಬುಯಾನ್ ಪುಡಿಯಿಂದ (ಬಿಸಿನೀರಿಗೆ ಬೆರೆಸುವ ಸಿದ್ಧ ಸ್ಟಾಕ್ ಪುಡಿ) ಮಾಡಿದ ಸ್ಟಾಕಿನಲ್ಲಂತೂ ಇದ್ದೇ ಇರುತ್ತದೆ. ಇವೆರಡೂ ಸೇರಿದರೆ ಬೇರೆ ಉಪ್ಪು ಬೇಕಾಗದೇ ಇರಬಹುದು, ರುಚಿ ನೋಡಿಯೇ ಹಾಕಿ.

ಬೇಯಿಸುವುದು

ಸ್ಟಾಕ್ ಕುದಿಯುವಷ್ಟು ಬಿಸಿಯಾಗಿರಲಿ. ತಣ್ಣನೆಯ ಸ್ಟಾಕ್ ಹಾಕಿದರೆ ಮತ್ತೆ ಕುದಿ ಬರುವಷ್ಟರಲ್ಲಿ ಕಾಳಿನ ಹೊರಭಾಗ ಮೆತ್ತಗಾಗಿ ಪಿಷ್ಟ ಬಿಡತೊಡಗುತ್ತದೆ. ಉಪ್ಪು, ಕ್ಯಾರೆಟ್ ಹಾಕಿ ಒಮ್ಮೆ ಮಾತ್ರ ಕಲಕಿ. ಈಗಲೇ ರುಚಿ ನೋಡಿ: ರಸ ಬೇಕಾದ್ದಕ್ಕಿಂತ ತುಸು ಉಪ್ಪಾಗಿರಬೇಕು, ಅಕ್ಕಿ ಅದನ್ನು ಹೀರಿಕೊಳ್ಳುತ್ತದೆ. ಮೆಣಸಿನಕಾಯಿ, ಕೊತ್ತಂಬರಿ ಕಡ್ಡಿಯನ್ನು ಮೇಲೆ ಇಡಿ. ಮೆಣಸಿನಕಾಯಿ ಒಡೆಯದಿದ್ದರೆ ಘಮ ಬಿಡುತ್ತದೆ, ಖಾರ ಬಹಳ ಇಳಿಯುವುದಿಲ್ಲ.

ಚೆನ್ನಾಗಿ ಕುದಿ ಬಂದ ಕೂಡಲೇ ಉರಿಯನ್ನು ತೀರಾ ಸಣ್ಣ ಮಾಡಿ, ಮುಚ್ಚಿ, 15ರಿಂದ 18 ನಿಮಿಷ ಬೇಯಿಸಿ. ನಡುವೆ ಕಲಕಬೇಡಿ. ಬೇಯುತ್ತಿರುವ ಕಾಳು ಮುರಿದರೆ ಒಳಗಿನ ಪಿಷ್ಟ ಹೊರಬಂದು ಇಷ್ಟು ಹೊತ್ತು ಹುರಿದದ್ದೆಲ್ಲ ವ್ಯರ್ಥವಾಗುತ್ತದೆ. ಕೊನೆಯಲ್ಲಿ ಮೇಲ್ಮೈಯಲ್ಲಿ ಸಣ್ಣ ಸಣ್ಣ ರಂಧ್ರಗಳು ಕಾಣಬೇಕು, ಅವುಗಳಲ್ಲಿ ನೀರಿರಬಾರದು. ಬಟಾಣಿಯನ್ನು ಆಗ ಮೇಲೆ ಹರಡಿ. ಮೊದಲೇ ಹಾಕಿದರೆ ಹಸಿರು ಕಳೆದುಕೊಳ್ಳುತ್ತದೆ. ಉರಿ ಆರಿಸಿ, ಮುಚ್ಚಳದ ಕೆಳಗೆ ಒಣಬಟ್ಟೆ ಹಾಕಿ 10 ನಿಮಿಷ ಬಿಡಿ. ಮುಚ್ಚಳದಿಂದ ತೊಟ್ಟಿಕ್ಕುವ ಹನಿಗಳನ್ನು ಬಟ್ಟೆ ಹೀರುತ್ತದೆ. ಆಮೇಲೆ ಫೋರ್ಕ್‌ನಿಂದ ಅಂಚಿನಿಂದ ನಡುವಿಗೆ ಮೆಲ್ಲಗೆ ಬಿಡಿಸಿ. ಮೇಲೆ ಕೆಂಪು ಪದರ ಕಟ್ಟಿದ್ದರೆ ಗಾಬರಿ ಬೇಡ, ಟೊಮೆಟೊದ ತಿರುಳು ಮೇಲೇ ಉಳಿಯುವುದು ಸಹಜ, ಬಿಡಿಸುವಾಗ ಬೆರೆತುಹೋಗುತ್ತದೆ.

ತಪ್ಪಿದರೆ

ಮೇಲಿನ ಕಾಳು ಗಟ್ಟಿ, ಕೆಳಗಿನದು ಬೆಂದಿದೆ ಎಂದರೆ ಹಬೆ ಸೋರಿದೆ, ಇಲ್ಲವೇ ಪಾತ್ರೆ ಕಿರಿದಾಗಿ ಅಕ್ಕಿ ಎತ್ತರಕ್ಕೆ ನಿಂತಿದೆ. ಎರಡು ಮೂರು ಚಮಚ ಬಿಸಿ ಸ್ಟಾಕ್ ಚಿಮುಕಿಸಿ, ಮುಚ್ಚಿ, ಸಣ್ಣ ಉರಿಯಲ್ಲಿ 5 ನಿಮಿಷ ಇಡಿ. ಟೊಮೆಟೊ ಹುಳಿ ಕೂಡ ಕಾಳು ಮೆದುವಾಗುವುದನ್ನು ತುಸು ತಡಮಾಡುತ್ತದೆ, ಆದ್ದರಿಂದ ರಸದ ಪಾಲನ್ನು ಮನಬಂದಂತೆ ಏರಿಸಬೇಡಿ. ತಳ ಹಿಡಿದರೆ ಕೆರೆಯಬೇಡಿ, ಮೇಲಿನದನ್ನು ಬೇರೆ ಪಾತ್ರೆಗೆ ತೆಗೆಯಿರಿ. ಮುದ್ದೆಯಾದದ್ದನ್ನು ತಟ್ಟೆಯಲ್ಲಿ ಹರಡಿ ಹಬೆ ಹೋಗಲು ಬಿಟ್ಟರೆ ಸ್ವಲ್ಪ ಸುಧಾರಿಸುತ್ತದೆ, ಪೂರ್ತಿ ಸರಿಹೋಗುವುದಿಲ್ಲ.

ಎರಡು ಕಪ್ ಅಕ್ಕಿಗೆ ದ್ರವವನ್ನು ಇಮ್ಮಡಿ ಮಾಡದೆ ರಸ ಸೇರಿ 4 ಕಪ್ ಇಡಿ. ಮುಚ್ಚಿದ ಪಾತ್ರೆಯಿಂದ ಆವಿಯಾಗಿ ಹೋಗುವ ನೀರು ಅಕ್ಕಿ ಹೆಚ್ಚಿದಷ್ಟೇ ಹೆಚ್ಚುವುದಿಲ್ಲ. ಪಾತ್ರೆ ಮಾತ್ರ ಅಗಲವಾದದ್ದೇ ಇರಲಿ.

ಟೆಕ್ಸಸ್ ಕಡೆಯ ರುಚಿ ಬೇಕಿದ್ದರೆ ಅರ್ಧ ಟೀ ಚಮಚ ಜೀರಿಗೆ ಪುಡಿಯನ್ನು ಟೊಮೆಟೊ ರಸದ ಜೊತೆ ಹಾಕಿ. ಮಧ್ಯ ಮೆಕ್ಸಿಕೊದ ಬಗೆಯಲ್ಲಿ ಸಾಮಾನ್ಯವಾಗಿ ಜೀರಿಗೆ ಇರುವುದಿಲ್ಲ, ಟೊಮೆಟೊ ಮತ್ತು ಹುರಿದ ಅಕ್ಕಿಯ ರುಚಿಯೇ ಮುಂದೆ ನಿಲ್ಲುತ್ತದೆ. ಮೊದಲ ಸಲ ಹಾಗೇ ಮಾಡಿ ನೋಡುವುದು ಒಳ್ಳೆಯದು. ಬೇಯಿಸಿದ ಬೀನ್ಸ್, ಎಂಚಿಲಾಡಾ (ಹೂರಣ ಸುತ್ತಿ ಮೆಣಸಿನಕಾಯಿ ಸಾಸ್ ಸುರಿದ ಜೋಳದ ರೊಟ್ಟಿ), ಹುರಿದ ಕೋಳಿಯ ಪಕ್ಕಕ್ಕೆ ಬಡಿಸುತ್ತಾರೆ. ಮೆಕ್ಸಿಕೊದ ಮಧ್ಯಾಹ್ನದ ಊಟದಲ್ಲಿ ಮುಖ್ಯ ಪದಾರ್ಥಕ್ಕೂ ಮುಂಚೆ ಇದನ್ನೇ ಪ್ರತ್ಯೇಕವಾಗಿ, ಮೇಲೊಂದು ಹುರಿದ ಮೊಟ್ಟೆಯಿಟ್ಟು ತಿನ್ನುವುದೂ ಉಂಟು.

ಉಳಿದದ್ದನ್ನು 2 ಗಂಟೆಯೊಳಗೆ ತೆಳ್ಳಗೆ ಹರಡಿ ಆರಿಸಿ ಫ್ರಿಜ್ಜಿನಲ್ಲಿಡಿ. ಬೇಯಿಸಿದರೂ ಸಾಯದ ಬ್ಯಾಸಿಲಸ್ ಸೀರಿಯಸ್ ಬ್ಯಾಕ್ಟೀರಿಯಾದ ಬೀಜಾಣುಗಳು ಅನ್ನದಲ್ಲಿ ಇರಬಹುದು, ಬೆಚ್ಚಗೆ ಬಿಟ್ಟರೆ ಅವು ಮೊಳೆತು ವಿಷ ಉಂಟುಮಾಡುತ್ತವೆ. ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದೆಂಬ ಭರವಸೆಯಿಲ್ಲ. ಫ್ರಿಜ್ಜಿನಲ್ಲಿ ಮೂರ್ನಾಲ್ಕು ದಿನ ಇರುತ್ತದೆ. ತಿನ್ನುವಾಗ ಕಪ್ಪಿಗೆ ಒಂದು ಚಮಚದಂತೆ ನೀರು ಚಿಮುಕಿಸಿ, ಮುಚ್ಚಿ, ಒಳಗಿನವರೆಗೂ ಹಬೆಯಾಡುವಂತೆ ಬಿಸಿ ಮಾಡಿ.