ಒಳಗೆ ಹೋದ ಎಳೆ ಎಷ್ಟು ದಿನ ಉಳಿಯುತ್ತದೆ?

ಜೂನ್, ಜುಲೈನ ಮೀನುಗಾರಿಕೆ ನಿಷೇಧದ ಹೊತ್ತಿಗೆ ಕಾರವಾರದ ಬೈತಖೋಲದಲ್ಲಿ ಬೋಟುಗಳ ರಿಪೇರಿ ಜೋರಾಗಿರುತ್ತದೆ. ಇಂಜಿನ್ ಕೋಣೆಯ ಹೊಗೆ ಪೈಪಿಗೆ ಶಾಖ ತಡೆಯಲು ಸುತ್ತಿದ ಹಳೇ ಹೊದಿಕೆ ಕಿತ್ತರೆ ಸಣ್ಣ ಎಳೆಗಳ ಬಿಳಿ ಧೂಳು ಏಳುತ್ತದೆ, ಕೈಯೆಲ್ಲ ತುರಿಕೆ. ತುರಿಕೆ ಸ್ನಾನ ಮಾಡಿದರೆ ಹೋಗುತ್ತದೆ. ಉಸಿರಿನ ಜೊತೆ ಒಳಗೆ ಹೋದದ್ದರ ಕಥೆ ಏನು?

ಮೊದಲು ಇಂಥ ಕಡೆ ಕಲ್ನಾರು (ಆಸ್ಬೆಸ್ಟಾಸ್) ಸುತ್ತುತ್ತಿದ್ದರು. ಅದರಿಂದ ಕ್ಯಾನ್ಸರ್ ಬರುವುದು ಖಚಿತವಾದ ಮೇಲೆ ಗಾಜು, ಕಲ್ಲು ಕರಗಿಸಿ ಮಾಡಿದ ಎಳೆಗಳ (ಗ್ಲಾಸ್ ವುಲ್, ರಾಕ್ ವುಲ್) ಮೇಲೂ ಅನುಮಾನ ಬಂತು. 1972ರಲ್ಲಿ ಅಮೆರಿಕದ ಸಂಶೋಧಕ ಸ್ಟಾಂಟನ್ ಇಲಿಗಳ ಶ್ವಾಸಕೋಶದ ಹೊರಪೊರೆಯ ಮೇಲೆ ನಾನಾ ಎಳೆಗಳನ್ನು ಇಟ್ಟು ನೋಡಿದರು. ಉದ್ದ ಇದ್ದು ತೀರಾ ತೆಳ್ಳಗಿದ್ದರೆ ಗಾಜಿನ ಎಳೆಯಿಂದಲೂ ಗಡ್ಡೆ ಬಂತು. 1988ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಗ್ಲಾಸ್ ವುಲ್, ರಾಕ್ ವುಲ್ ಎರಡನ್ನೂ 'ಕ್ಯಾನ್ಸರ್ ತರಬಹುದು' ಎಂಬ ಪಟ್ಟಿಗೆ ಸೇರಿಸಿತು.

ಆದರೆ ಸ್ಟಾಂಟನ್ ಪ್ರಯೋಗದಲ್ಲಿ ಎಳೆ ಉಸಿರಿನ ದಾರಿಯಲ್ಲಿ ಹೋಗಿರಲಿಲ್ಲ. ಆ ದಾರಿಯಲ್ಲಿ ಹೋದರೆ ದೇಹ ಸುಮ್ನೆ ಕೂರುವುದಿಲ್ಲ. ಮ್ಯಾಕ್ರೋಫೇಜ್ ಎಂಬ ಜೀವಕೋಶಗಳು ಧೂಳನ್ನು ನುಂಗಿ ಹೊರಗೆ ಸಾಗಿಸುತ್ತವೆ. ಎಳೆ 20 ಮೈಕ್ರಾನಿಗಿಂತ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಉದ್ದ ಇದ್ದರೆ ಮಾತ್ರ ಕಷ್ಟ, ಹಾವು ತನಗಿಂತ ಉದ್ದದ ಕೋಲು ನುಂಗಲು ಹೊರಟಂತೆ. ಅಲ್ಲಿ ಉಳಿಯುವುದು ಕರಗುವ ದಾರಿಯೊಂದೇ. ಶ್ವಾಸಕೋಶದ ದ್ರವದ ಪಿಎಚ್ ಸುಮಾರು 7.4. ಅದರಲ್ಲಿ ಗ್ಲಾಸ್ ವುಲ್ ಎಳೆ ನಿಧಾನಕ್ಕೆ ಸವೆದು, ಬಲ ಕಳೆದುಕೊಂಡು ಅಡ್ಡಡ್ಡ ತುಂಡಾಗುತ್ತದೆ. ಆ ತುಂಡುಗಳನ್ನು ಮ್ಯಾಕ್ರೋಫೇಜ್ ಸಲೀಸಾಗಿ ನುಂಗುತ್ತದೆ. ಕಲ್ನಾರು ಉದ್ದುದ್ದ ಸೀಳಿ ಇನ್ನೂ ತೆಳ್ಳಗಾಗುತ್ತದೆ, ಅದೇ ಅದರ ಕೆಟ್ಟ ಗುಣ. ನೀಲಿ, ಕಂದು ಕಲ್ನಾರಿನ ಉದ್ದ ಎಳೆಗಳಲ್ಲಿ ಅರ್ಧದಷ್ಟೂ ಇಲಿಯ ಶ್ವಾಸಕೋಶದಿಂದ ಒಂದು ವರ್ಷದಲ್ಲಿ ಹೋಗಿರಲಿಲ್ಲ.

ಇದು ಗೊತ್ತಾದ ಮೇಲೆ ತಯಾರಿಕೆಯೇ ಬದಲಾಯಿತು. ರಾಕ್ ವುಲ್‌ನಲ್ಲಿ ಸಿಲಿಕಾ ಕಡಿಮೆ ಮಾಡಿ ಅಲ್ಯುಮಿನಾ ಜಾಸ್ತಿ ಹಾಕಿದರು. ಅಂಥ ಎಳೆ ಪೂರ್ತಿ ನುಂಗಲಾಗದಷ್ಟು ಉದ್ದ ಇದ್ದರೂ ಮ್ಯಾಕ್ರೋಫೇಜ್‌ನ ಆಮ್ಲದಲ್ಲಿ, ಪಿಎಚ್ 4.5ರ ಹತ್ತಿರ, ಬೇಗ ಕರಗುತ್ತದೆ. 1997ರಲ್ಲಿ ಯುರೋಪ್ ಒಕ್ಕೂಟ ಇದನ್ನೇ ನಿಯಮ ಮಾಡಿತು. ಉಸಿರಾಟದ ಪರೀಕ್ಷೆಯಲ್ಲಿ ಉದ್ದ ಎಳೆಗಳ ಅರ್ಧಾಯುಷ್ಯ (ಅರ್ಧದಷ್ಟು ಎಳೆ ಹೋಗಲು ಬೇಕಾದ ಸಮಯ) 10 ದಿನಕ್ಕಿಂತ ಕಡಿಮೆ ಇದ್ದರೆ ಕ್ಯಾನ್ಸರ್ ಹಣೆಪಟ್ಟಿಯಿಂದ ವಿನಾಯಿತಿ. 2001ರಲ್ಲಿ ಗ್ಲಾಸ್ ವುಲ್, ರಾಕ್ ವುಲ್ 1988ರ ಆ ಹಳೇ ಪಟ್ಟಿಯಿಂದ ಹೊರಬಂದವು. ಆದರೆ ಕುಲುಮೆಗಳಿಗೆ ಬಳಸುವ ಸೆರಾಮಿಕ್ ಫೈಬರ್ ಅಲ್ಲೇ ಉಳಿಯಿತು.

ನನಗೆ ಚಿಂತೆ ಇರುವುದು ಇಲ್ಲೇ. ಸೆರಾಮಿಕ್ ಫೈಬರ್ ಕೂಡ ನೋಡಲು ಬಿಳಿ ಹತ್ತಿಯಂತೆಯೇ ಇರುತ್ತದೆ. ಹಳೇ ಬೋಟಿನ ಪೈಪಿನಲ್ಲಿ ಕಲ್ನಾರಿನ ಹಗ್ಗವೇ ಇರಬಹುದು. ನಮ್ಮ ದೇಶದಲ್ಲಿ ಕಲ್ನಾರಿನ ಗಣಿ ನಿಂತಿದ್ದರೂ ಆಮದು ನಿಂತಿಲ್ಲ, ಸಿಮೆಂಟ್ ಶೀಟುಗಳು ಶಿರಸಿಯ ಕೊಟ್ಟಿಗೆಗಳ ಮೇಲೂ ಇವೆ. ಕಣ್ಣಳತೆಯಲ್ಲಿ ಯಾವುದು ಕರಗುತ್ತದೆ, ಯಾವುದು ಕರಗುವುದಿಲ್ಲ ಎಂದು ಹೇಳಲು ಆಗುವುದಿಲ್ಲ ಅಲ್ವಾ? ಮುಖಕ್ಕೆ ಕಟ್ಟಿದ ಟವೆಲ್ ಇವನ್ನು ತಡೆಯುವುದಿಲ್ಲ. ಏನೆಂದು ಗೊತ್ತಿಲ್ಲದ ಹೊದಿಕೆಯನ್ನು ಒಣಗಿದ್ದಾಗ ಕೀಳಬಾರದು. ಕಲ್ನಾರು ಎಂಬ ಅನುಮಾನ ಬಂದರೆ ಕೈ ಹಾಕದೆ, ಬೋಟಿನ ಮಾಲೀಕರು ಮೊದಲು ಒಂದು ಚೂರನ್ನು ಪರೀಕ್ಷೆಗೆ ಕಳಿಸಬೇಕು.