ದುಡ್ಡು ಕಟ್ಟಿದ ದಿನ ಅಲ್ಲ, ಫಿಟ್ಟಿಂಗ್ ಮುಗಿದ ದಿನ

"ಸರ್, ಡಿಸೆಂಬರ್‌ನಲ್ಲೇ ಪೂರ್ತಿ ದುಡ್ಡು ಕಟ್ಟಿದ್ದೀನಿ. ಎರಡು ಸಾವಿರ ಡಾಲರ್ ಕ್ರೆಡಿಟ್ ಸಿಗುತ್ತೆ ಅಲ್ವಾ?"

ನ್ಯೂಜೆರ್ಸಿಯ ಕನ್ನಡಿಗರೊಬ್ಬರ ಫೋನ್. ಮನೆ ಬಿಸಿ ಮಾಡುವ ಹಳೇ ಫರ್ನೇಸ್ ತೆಗೆಸಿ ಹೀಟ್ ಪಂಪ್ ಹಾಕಿಸಿದ್ದರು. ಬಿಲ್ 14,000 ಡಾಲರ್. ಅವರು ಕೇಳಿದ್ದು, ಇಂಧನ ಉಳಿಸುವ ಇಂಥ ಯಂತ್ರ ಹಾಕಿಸಿದವರಿಗೆ ಅಮೆರಿಕದ ಕೇಂದ್ರ ಸರ್ಕಾರ ಇನ್‌ಕಮ್ ಟ್ಯಾಕ್ಸ್‌ನಲ್ಲಿ ಕಡಿಮೆ ಮಾಡಿಕೊಡುತ್ತಿದ್ದ ಮೊತ್ತದ ಬಗ್ಗೆ, ಅದೇ ಕ್ರೆಡಿಟ್. ಫಿಟ್ಟಿಂಗ್ ಯಾವತ್ತು ಮುಗಿಯಿತು ಎಂದು ಕೇಳಿದೆ. 2026ರ ಜನವರಿ 6. ಆರು ದಿನದಲ್ಲಿ ತಪ್ಪಿಹೋಗಿತ್ತು.

ಅಮೆರಿಕದ 2022ರ ಕಾನೂನು, ಇನ್‌ಫ್ಲೇಷನ್ ರಿಡಕ್ಷನ್ ಆಕ್ಟ್ ಪ್ರಕಾರ ಈ ಕ್ರೆಡಿಟ್ 2032ರ ವರೆಗೆ ಇರಬೇಕಿತ್ತು. 2025ರ ಜುಲೈ 4ರಂದು ಸಹಿ ಬಿದ್ದ ಹೊಸ ಕಾನೂನು ಅದನ್ನು 2025ರ ಡಿಸೆಂಬರ್ 31ಕ್ಕೇ ನಿಲ್ಲಿಸಿತು. ಯಂತ್ರ ಕೂರಿಸಿ, ಅದು ಬಳಕೆಗೆ ಸಿದ್ಧವಾದ ದಿನವೇ ಲೆಕ್ಕಕ್ಕೆ. ಅಡ್ವಾನ್ಸ್ ಕೊಟ್ಟ ದಿನಕ್ಕೂ ಕಾರ್ಡ್ ಉಜ್ಜಿದ ದಿನಕ್ಕೂ ಇಲ್ಲಿ ಬೆಲೆಯಿಲ್ಲ.

ಗಡುವಿನೊಳಗೆ ಹಾಕಿಸಿದವರ ಲೆಕ್ಕ ಹೀಗೆ. ಖರ್ಚಿನ ಶೇ 30 ಕ್ರೆಡಿಟ್. ಕೂಲಿಯೂ ಖರ್ಚಿಗೆ ಸೇರುತ್ತದೆ. ಆದರೆ ಮಿತಿ ಇದೆ. ಸೆಂಟ್ರಲ್ ಎಸಿಗೆ 600, ಫರ್ನೇಸ್‌ಗೆ 600, ಇಂಥವೆಲ್ಲ ಸೇರಿ ವರ್ಷಕ್ಕೆ 1,200 ಡಾಲರ್. ಹೀಟ್ ಪಂಪ್ ಮತ್ತು ಹೀಟ್ ಪಂಪ್ ವಾಟರ್ ಹೀಟರ್‌ಗೆ ಬೇರೆಯಾಗಿ 2,000. ಎರಡನ್ನೂ ಒಂದೇ ವರ್ಷ ಹಾಕಿಸಿದರೂ ಅದೇ 2,000. ಒಂದನ್ನು 2024ರಲ್ಲಿ, ಇನ್ನೊಂದನ್ನು 2025ರಲ್ಲಿ ಹಾಕಿಸಿದ ಜಾಣರಿಗೆ ಎರಡು ಸಲ ಸಿಕ್ಕಿತು.

ಹೀಟ್ ಪಂಪ್‌ಗೆ ಯಾಕಿಷ್ಟು ಪ್ರೀತಿ? ಫರ್ನೇಸ್ ಗ್ಯಾಸ್ ಉರಿಸಿ ಬಿಸಿ ಮಾಡುತ್ತದೆ. ಹೀಟ್ ಪಂಪ್ ಏನನ್ನೂ ಉರಿಸುವುದಿಲ್ಲ, ಹೊರಗಿನ ಗಾಳಿಯಲ್ಲಿರುವ ಬಿಸಿಯನ್ನು ಹೀರಿ ಒಳಗೆ ತರುತ್ತದೆ. ಎಸಿಯನ್ನೇ ತಿರುಗಿಸಿ ಓಡಿಸಿದ ಹಾಗೆ. ಬೇಸಿಗೆಯಲ್ಲಿ ಅದೇ ತಂಪು ಮಾಡುತ್ತದೆ.

ಜನ ಜಾಸ್ತಿ ಎಡವುವುದು ಇನ್ನೊಂದು ಕಡೆ. ಈ ಕ್ರೆಡಿಟ್ ಟ್ಯಾಕ್ಸನ್ನು ಹೆಚ್ಚೆಂದರೆ ಸೊನ್ನೆಯವರೆಗೆ ಇಳಿಸುತ್ತದೆ, ಅಷ್ಟೇ. ನಿಮ್ಮ ವರ್ಷದ ಟ್ಯಾಕ್ಸೇ 1,400 ಇದ್ದರೆ ಉಳಿದ 600 ಕೈಗೆ ಬರುವುದಿಲ್ಲ, ಮುಂದಿನ ವರ್ಷಕ್ಕೂ ಹೋಗುವುದಿಲ್ಲ. "ನನಗೆ ಹೇಗೂ ರಿಫಂಡ್ ಬರುತ್ತೆ, ಅಂದರೆ ನನಗೆ ಟ್ಯಾಕ್ಸೇ ಇಲ್ಲ" ಎಂದು ಸುಮ್ನೆ ಕೂತವರನ್ನೂ ನೋಡಿದ್ದೇನೆ. ತಪ್ಪು. ಸಂಬಳದಲ್ಲಿ ಹಿಡಿದುಕೊಂಡದ್ದೂ ನೀವು ಕಟ್ಟಿದ ಟ್ಯಾಕ್ಸೇ. ನೋಡಬೇಕಾದ್ದು ಇಡೀ ವರ್ಷದ ಟ್ಯಾಕ್ಸ್.

ಇಂಧನ ಉಳಿತಾಯಕ್ಕೆ ಕೊಡುವ ಎನರ್ಜಿ ಸ್ಟಾರ್ ಗುರುತಿದ್ದರೆ ಸಾಕು ಎಂದು ಅಂಗಡಿಯವರು ಹೇಳಿದ್ದಾರಾ? ಸಾಲದು. ಎಸಿ, ಹೀಟ್ ಪಂಪ್‌ಗಳಿಗೆ ದಕ್ಷತೆಯ ಪಟ್ಟಿ ಇನ್ನೂ ಬಿಗಿ. ಹೊರಗಿನ ಯೂನಿಟ್, ಒಳಗಿನ ಕಾಯಿಲ್ ಎರಡನ್ನೂ ಜೋಡಿಯಾಗಿ ನೋಡುತ್ತಾರೆ. ಹೊರಗಡೆ ಒಳ್ಳೆಯ ಯೂನಿಟ್ ಇಟ್ಟು ಒಳಗೆ ಹಳೇ ಕಾಯಿಲ್ ಉಳಿಸಿಕೊಂಡರೆ ಕ್ರೆಡಿಟ್ ಕೈತಪ್ಪಬಹುದು. ಅದಕ್ಕೇ ಬಿಲ್ ಜೊತೆ, ಈ ಜೋಡಿಯ ದಕ್ಷತೆ ಎಷ್ಟೆಂದು ಹೇಳುವ ಎಎಚ್‌ಆರ್‌ಐ ಸರ್ಟಿಫಿಕೇಟ್ ಕೇಳಿ ಇಟ್ಟುಕೊಳ್ಳಿ. 2025ರಲ್ಲಿ ಹಾಕಿಸಿದ ಯಂತ್ರಕ್ಕಾದರೆ ಕಂಪನಿಯ ನಾಲ್ಕು ಅಕ್ಷರದ ಕೋಡ್ ಕೂಡ ಈ ಕ್ರೆಡಿಟ್ ಕೇಳುವ ಫಾರ್ಮ್ 5695ರಲ್ಲಿ ಬರೆಯಬೇಕು.

ಬಾಡಿಗೆಗೆ ಕೊಟ್ಟು ತಾವು ವಾಸ ಮಾಡದ ಮನೆಗೆ ಇದು ಸಿಗುವುದಿಲ್ಲ. ಹೊಸದಾಗಿ ಕಟ್ಟಿದ ಮನೆಗೂ ಇಲ್ಲ. ಮೈಸೂರಿನ ಅಪ್ಪ ಅಮ್ಮನ ಮನೆಗೆ ಹಾಕಿಸಿದ ಎಸಿಗೂ ಇಲ್ಲ. ನಗಬೇಡಿ, ಒಬ್ಬರು ನಿಜವಾಗಲೂ ಕೇಳಿದ್ದರು. ಮನೆ ಅಮೆರಿಕದಲ್ಲೇ ಇರಬೇಕು.

ಇನ್ನು ಮುಂದೆ ಹಾಕಿಸುವವರು ನೋಡಬೇಕಾದ್ದು ರಾಜ್ಯದ ಮತ್ತು ಕರೆಂಟ್ ಕಂಪನಿಯ ರಿಬೇಟ್‌ಗಳನ್ನು. ಅವು ಒಂದೊಂದು ಕಡೆ ಒಂದೊಂದು ಥರ.

ಫೋನ್ ಮಾಡಿದವರಿಗೆ ಇಷ್ಟೆಲ್ಲ ಹೇಳಿ, ಹಿಂದಿನ ವರ್ಷಗಳಲ್ಲಿ ಏನಾದರೂ ಬದಲಾಯಿಸಿದ್ದಿರಾ ಎಂದು ಕೇಳಿದೆ. 2024ರಲ್ಲಿ ಹೀಟ್ ಪಂಪ್ ವಾಟರ್ ಹೀಟರ್ ಹಾಕಿಸಿದ್ದರಂತೆ, ಕೂಲಿ ಸೇರಿ 3,600 ಡಾಲರ್. ರಿಟರ್ನ್‌ನಲ್ಲಿ ತೋರಿಸಿಯೇ ಇರಲಿಲ್ಲ! ಮಾಡೆಲ್ ಪಟ್ಟಿಯಲ್ಲಿದ್ದರೆ 1,080 ಡಾಲರ್ ಕ್ರೆಡಿಟ್. ರಿಟರ್ನ್ ಹಾಕಿದ ಮೂರು ವರ್ಷದೊಳಗೆ ರಿಟರ್ನ್ ತಿದ್ದುವ 1040-ಎಕ್ಸ್ ಫಾರ್ಮ್ ಹಾಕಿ ಕೇಳಬಹುದು.

"ಬಿಲ್ ಇದೆಯಾ?" ಎಂದೆ.

"ಗ್ಯಾರೇಜ್‌ನಲ್ಲಿ ಹುಡುಕಬೇಕು, ಸರ್."