ಅಷ್ಟು ಆಳ ಅಗೆಸಿದರೂ ಕಳೆ ಯಾಕೆ ಬಂತು?

"ಕಳೆದ ವರ್ಷ ಕಾಫಿ ತೋಟದಲ್ಲಿ ಒಂದು ಕಳೆಯೂ ಬೀಜ ಕಟ್ಟದ ಹಾಗೆ ನೋಡಿಕೊಂಡೆವು. ಮಳೆಗಾಲ ಮುಗಿದ ಮೇಲೆ ಆಳವಾಗಿ ಅಗತೆಯನ್ನೂ ಮಾಡಿಸಿದೆವು. ಆದರೂ ಕಾಫಿ ಹೂವರಳಿಸುವ ಹೂಮಳೆ ಬಿದ್ದು ಎರಡು ವಾರಕ್ಕೆ ನೆಲವೆಲ್ಲ ಹಸಿರು. ಬೀಜ ಎಲ್ಲಿಂದ ಬಂತು?"

ಪ್ರತಿ ಮಾರ್ಚ್‌ನಲ್ಲಿ ಬರುವ ಪ್ರಶ್ನೆ ಇದು. ಎಷ್ಟು ಸಲ ಉತ್ತರಿಸಿದ್ದೇನೋ ಲೆಕ್ಕ ಇಟ್ಟಿಲ್ಲ. ಗಾಳಿಗೆ ಸ್ವಲ್ಪ ಬಂದಿರಬಹುದು. ಜಾಸ್ತಿ ಪಾಲು ನಿಮ್ಮ ಮಣ್ಣಲ್ಲೇ ಇತ್ತು, ನಿದ್ದೆಯಲ್ಲಿ.

ಮಳೆಗಾಲದ ಕೊನೆಗೆ ಉದುರುವ ಎಷ್ಟೋ ಬೀಜಗಳು ಕೂಡಲೇ ಮೊಳೆಯುವುದಿಲ್ಲ. ಮೊಳೆತರೆ ಮುಂದಿನ ಒಣ ತಿಂಗಳಲ್ಲಿ ಸಾಯುತ್ತವೆ. ಜನವರಿ, ಫೆಬ್ರವರಿಯ ಹಗಲಿನ ಬಿಸಿಲು, ರಾತ್ರಿಯ ಚಳಿಗೆ ಆ ನಿದ್ದೆ ತೆಳುವಾಗುತ್ತಾ ಬರುತ್ತದೆ. ಹೂಮಳೆ ಬೀಳುವಾಗ ಅವು ಸಿದ್ಧ. ಕಕ್ಕಡದ (ಜುಲೈ–ಆಗಸ್ಟ್) ಬಿಡದ ಮಳೆಯಲ್ಲಿ ಮಣ್ಣು ತಣ್ಣಗಿರುತ್ತದೆ, ಒಳಗೆ ಗಾಳಿಯಾಡುವುದಿಲ್ಲ. ಆಗ ಉಳಿದವುಗಳಲ್ಲಿ ಹಲವು ಮತ್ತೆ ನಿದ್ದೆಗೆ ಜಾರುತ್ತವೆ.

ಇನ್ನು ಆ ಆಳದ ಅಗತೆ. ಬೀಜವನ್ನು ಕೆಳಗೆ ಹೂತರೆ ಕೊಳೆತು ಹೋಗುತ್ತದೆ ಎಂಬ ನಂಬಿಕೆಯನ್ನು ದಯವಿಟ್ಟು ಬಿಡಿ. ಕೆಲವು ಕೊಳೆಯುತ್ತವೆ, ನಿಜ. ಆದರೆ ಕತ್ತಲೆ, ತಂಪು ಇರುವ ಆಳದ ಮಣ್ಣು ಗಟ್ಟಿ ಬೀಜಕ್ಕೆ ಉಗ್ರಾಣ ಇದ್ದ ಹಾಗೆ. 1879ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ವಿಲಿಯಂ ಬೀಲ್ ಎಂಬ ಸಸ್ಯ ವಿಜ್ಞಾನಿ 20 ಬಾಟಲಿಗಳಲ್ಲಿ ಮರಳಿನ ಜೊತೆ ಕಳೆ ಬೀಜ ತುಂಬಿ ಹೂತಿಟ್ಟರು. 2021ರಲ್ಲಿ ಒಂದನ್ನು ತೆಗೆದಾಗ, 142 ವರ್ಷದ ನಂತರವೂ, ಕೆಲವು ಬೀಜ ಮೊಳೆತವು! ಅದನ್ನು ಅಗೆದದ್ದು ರಾತ್ರಿ ಹೊತ್ತು. ಯಾಕೆ ಗೊತ್ತಾ? ಬೆಳಕು ಸೋಕಿದರೆ ಬೀಜ ಎಚ್ಚರವಾಗಬಹುದು ಅಂತ.

ನಮ್ಮ ಗುದ್ದಲಿ ಮಾಡುವುದು ಹೀಗೆ ಎಚ್ಚರಿಸುವ ಕೆಲಸವನ್ನೇ. ಮೇಲಿನ ಬೀಜವನ್ನು ಉಗ್ರಾಣಕ್ಕೆ ಹಾಕಿ, ಹಳೆಯದನ್ನು ಬೆಳಕಿಗೆ ತರುತ್ತದೆ. ಸಣ್ಣ ಬೀಜದ ಕಳೆಗಳಿಗೆ ಕ್ಷಣದ ಬೆಳಕೂ ಸಾಕಾಗುತ್ತದೆ. ನಂಬಿಕೆ ಬರದಿದ್ದರೆ ಗೇಣುದ್ದ ಆಳದ ಮಣ್ಣನ್ನು ಎರಡು ತಟ್ಟೆಗೆ ಹಾಕಿ. ಒಂದನ್ನು ರಾತ್ರಿಯೇ ಅಗೆದು ತುಂಬಿ ಕಪ್ಪು ಪ್ಲಾಸ್ಟಿಕ್ ಮುಚ್ಚಿ, ಇನ್ನೊಂದನ್ನು ಬೆಳಕಲ್ಲಿ ತೆರೆದಿಡಿ. ಎರಡಕ್ಕೂ ನೀರು ಕೊಟ್ಟು, ಮೂರು ವಾರ ಬಿಟ್ಟು ಎಣಿಸಿ.

ಕಳೆಗೆ ಬಿಸಿನೀರು ಸುರಿಯುವುದು, ನೆಲಕ್ಕೆ ಬಟ್ಟೆ ಹಾಸುವುದು, ಇಂಥ ದುಬಾರಿ ಉಪಾಯವೇನೂ ಬೇಡ. ಅಗೆಯುವ ಬದಲು ಕತ್ತಿಯಲ್ಲಿ ಸವರಿ, ತರಗೆಲೆಯನ್ನು ನೆಲದಲ್ಲೇ ಬಿಡಿ. ಮರದ ನೆರಳೂ ಸಹಾಯಕ್ಕಿದೆ: ಎಲೆ ದಾಟಿ ಬರುವ ಬೆಳಕಲ್ಲಿ ಬೀಜಕ್ಕೆ ಬೇಕಾದ ಕೆಂಪು ಪಾಲು ಬಹಳ ಕಡಿಮೆ. ಅದಕ್ಕೇ ಮರದ ಕೊಂಬೆ ಕಡಿದು ಕಪಾತು ಮಾಡಿದ ಜಾಗದಲ್ಲಿ ಕಳೆ ಮೊದಲು ಏಳುತ್ತದೆ, ನೀವೇ ನೋಡಿದ್ದೀರಿ ಅಲ್ವಾ?

ಇಷ್ಟು ಹೇಳಿದ ಮೇಲೆ ನನಗೆ ಕಾಫಿ ಬೀಜದ ನೆನಪಾಗುತ್ತದೆ. ಅದಕ್ಕೆ ಈ ನಿದ್ದೆಯೇ ಬರುವುದಿಲ್ಲ. ಪೂರ್ತಿ ಒಣಗಿಸಿಟ್ಟರೆ ಕೆಲವೇ ತಿಂಗಳಲ್ಲಿ ಮೊಳೆಯುವ ಶಕ್ತಿ ಹೋಗುತ್ತದೆ. ರೊಬಸ್ಟಾ ಜಾತಿಯ ಕಾಫಿಯದಂತೂ ಅರೇಬಿಕಾ ಜಾತಿಗಿಂತ ಬೇಗ. ಹಾಗಾಗಿ ಬೀಜದ ಹಣ್ಣನ್ನು ಕೊಯ್ದು, ಸಿಪ್ಪೆ ಬಿಡಿಸಿ, ಬೀಜವನ್ನು ನೆರಳಲ್ಲಿ ಸ್ವಲ್ಪವೇ ಆರಿಸಿ, ತಡ ಮಾಡದೆ ಪಾತಿಗೆ ಹಾಕುತ್ತೇವೆ.